ಪ್ರವೇಶ ದೊರೆತರೆ ಸಾಕೆ?

ಪಿಯುಸಿ ಫಲಿತಾಂಶ ಹೊರಬಿದ್ದ ದಿನದಿಂದ ಶ್ರಾವಣ ಬರುವವರೆಗೆ ನಮ್ಮ ಭಾಗದ ಮನೆಗಳಲ್ಲಿ ಒಂದೇ ಮಾತು: ಸೀಟು. ಯಾರ ಮಗನಿಗೆ ಎಲ್ಲಿ ಸಿಕ್ಕಿತು, ಯಾರ ಮಗಳಿಗೆ ತಪ್ಪಿತು, ಎಷ್ಟು ಖರ್ಚು ಬಂದಿತು ಎಂಬುದೇ ಚರ್ಚೆ. ಸಿಕ್ಕಿತೆಂದರೆ ಪೇಢೆ ಹಂಚುವರು, ತಪ್ಪಿತೆಂದರೆ ಹಣೆಬರಹವನ್ನು ಹಳಿಯುವರು. ಆದರೆ ಆ ಸೀಟಿನಲ್ಲಿ ಕೂಡಲು ಏನೇನು ಬೇಕು, ಕುಳಿತ ಮೇಲೆ ಪದವಿಯೊಡನೆ ಹೊರಬರಬೇಕಾದರೆ ಏನೇನನ್ನು ಪೂರೈಸಬೇಕು ಎಂಬ ಎರಡು ಪ್ರಶ್ನೆಗಳನ್ನು ಮೊದಲೇ ಕೇಳುವ ಪಾಲಕರು ವಿರಳ. ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿ, ನಿವೃತ್ತರಾಗಿ ಮನ್ನಾಏಖೇಳ್ಳಿಯಲ್ಲಿ ನೆಲೆಸಿರುವ ನಮ್ಮ ಬಳಿಗೆ ಪ್ರತಿ ಬೇಸಿಗೆಯಲ್ಲೂ ಕಾಗದಪತ್ರಗಳ ಚೀಲ ಹಿಡಿದು ಬರುವವರುಂಟು. ಅವರಿಗೆ ನಾವು ಹೇಳುತ್ತ ಬಂದುದನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ. ಎಲ್ಲ ಪದವಿಗಳ ವಿಷಯ ಬರೆಯಹೊರಟರೆ ಗ್ರಂಥವಾದೀತು. ಆದುದರಿಂದ ನಮ್ಮ ಜಿಲ್ಲೆಯಲ್ಲಿಯೇ ಲಭ್ಯವಿರುವ, ಒಕ್ಕಲುತನದ ಮನೆಗಳಿಗೆ ಹತ್ತಿರದ್ದಾದ ಪಶುವೈದ್ಯ ಪದವಿಯೊಂದನ್ನೇ ಮುಖ್ಯವಾಗಿ ಎತ್ತಿಕೊಂಡಿದ್ದೇವೆ.

ನಮ್ಮ ತಂದೆಯವರ ಕಾಲಕ್ಕೆ ಈ ಸೀಮೆಯವರ ಪಾಲಿಗೆ ವಿಶ್ವವಿದ್ಯಾಲಯವೆಂದರೆ ಹೈದರಾಬಾದಿನ ಉಸ್ಮಾನಿಯಾ. 1918ರಲ್ಲಿ ಸ್ಥಾಪನೆಗೊಂಡ ಆ ವಿಶ್ವವಿದ್ಯಾಲಯದಲ್ಲಿ ಬೋಧನೆ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡವಾಡುವ ಹುಡುಗ ಆ ಹೊಸ್ತಿಲು ದಾಟುವುದೆಂದರೆ ಎರಡು ಸಲ ಹುಟ್ಟಿ ಬಂದಂತೆ ಎಂದು ಹಿರಿಯರು ಹೇಳುತ್ತಿದ್ದರು. 1956ರ ಏಕೀಕರಣದ ತರುವಾಯ ನಮ್ಮ ಮಕ್ಕಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಡೆಗೆ ಮುಖ ಮಾಡಿದರು. ಅದರ ಸ್ನಾತಕೋತ್ತರ ಕೇಂದ್ರ 1970ರಲ್ಲಿ ಕಲಬುರ್ಗಿಗೆ ಬಂದಿತು. 1980ರಲ್ಲಿ ಅದೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಬೀದರದಲ್ಲಿ 1985ರಲ್ಲಿ ಪಶುವೈದ್ಯಕೀಯ ಕಾಲೇಜು ಆರಂಭಗೊಂಡಿತು. 2004ರ ಶಾಸನದಿಂದ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಬೀದರವೇ ಕೇಂದ್ರಸ್ಥಾನವಾಯಿತು. 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಸ್ಥಾಪನೆಗೊಂಡು ಆಳಂದ ತಾಲೂಕಿನ ಕಡಗಂಚಿಯಲ್ಲಿ ನೆಲೆಯೂರಿತು. 2023ರಲ್ಲಿ ಬೀದರ ವಿಶ್ವವಿದ್ಯಾಲಯವೂ ತಲೆಯೆತ್ತಿತು. ಹೀಗೆ ಬಾಗಿಲು ಹತ್ತಿರಕ್ಕೆ ಬಂದಿದೆ. ಆದರೆ ಹತ್ತಿರವಿರುವುದರಿಂದಲೇ ಸುಲಭವೆಂದು ಭಾವಿಸುವುದು ಸರಿಯಲ್ಲ. ಉಸ್ಮಾನಿಯಾಕ್ಕೆ ಹೋಗುವವನು ಉರ್ದು ಕಲಿತರೆ ಆಗುತ್ತಿತ್ತು; ಇಂದಿನ ವಿದ್ಯಾರ್ಥಿಯಾದರೋ ತಾನು ಹುಟ್ಟಿದ್ದೆಲ್ಲಿ, ಎಷ್ಟು ವರ್ಷ ಎಲ್ಲಿ ಓದಿದೆ, ತಂದೆತಾಯಿಗಳು ಓದಿದ್ದೆಲ್ಲಿ ಎಂಬುದಕ್ಕೆಲ್ಲ ಕಾಗದ ತೋರಿಸಬೇಕು.

ಪಶುವೈದ್ಯ ಪದವಿಯ ಪೂರ್ಣ ಹೆಸರು ಪಶುವೈದ್ಯ ವಿಜ್ಞಾನ ಮತ್ತು ಪಶುಸಂಗೋಪನೆ ಪದವಿ, ರೂಢಿಯಲ್ಲಿ ಬಿ.ವಿ.ಎಸ್‌ಸಿ. ಎನ್ನುತ್ತೇವೆ. ಅವಧಿ ಐದೂವರೆ ವರ್ಷ. ಅದರಲ್ಲಿ ನಾಲ್ಕೂವರೆ ವರ್ಷ ಅಭ್ಯಾಸ, ಕೊನೆಯ ಒಂದು ವರ್ಷ ಕಡ್ಡಾಯ ತರಬೇತಿ. ಈ ಕೊನೆಯ ವರ್ಷದ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಅದರಿಂದಲೇ ಒಂದು ಮನೆಯಲ್ಲಿ ದೊಡ್ಡ ಮಾತುಕತೆ ನಡೆಯಿತು.

ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಈ ಮೂರರೊಡನೆ ಇಂಗ್ಲಿಷಿನ ಅಂಕವನ್ನೂ ಸೇರಿಸಿ ಒಟ್ಟು ಶೇಕಡಾ 50 ಬಂದಿರಬೇಕು. ಮೀಸಲು ವರ್ಗದವರಿಗೆ ಇದರಲ್ಲಿ ರಿಯಾಯಿತಿಯುಂಟು. ಅದರ ಪ್ರಮಾಣವನ್ನು ಆಯಾ ವರ್ಷದ ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ವಿಜ್ಞಾನದ ಮಕ್ಕಳು ಇಂಗ್ಲಿಷನ್ನು 'ಪಾಸಾದರಾಯಿತು' ಎಂದು ಬದಿಗಿಡುವುದನ್ನು ನಾವು ಬಹಳ ಕಂಡಿದ್ದೇವೆ. ಇಲ್ಲಿ ಅದೇ ಕಾಲಿಗೆ ತೊಡರುತ್ತದೆ. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ ಹದಿನೇಳು ವರ್ಷ ತುಂಬಿರಬೇಕು. ಶಾಲೆಗೆ ಬೇಗ ಸೇರಿಸಿದ ಮಕ್ಕಳ ಪಾಲಕರು ಇದನ್ನು ಗಮನಿಸಬೇಕು. ಇವೆಲ್ಲ ಇದ್ದರೆ ಅರ್ಜಿ ಹಾಕುವ ಯೋಗ್ಯತೆ ಬಂದಿತೆಂದು ಮಾತ್ರ ಅರ್ಥ. ಸೀಟು ನಿರ್ಧಾರವಾಗುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯ ರ‍್ಯಾಂಕಿನಿಂದ. ಅದರಲ್ಲಿ ಪಿಯುಸಿ ಅಂಕಕ್ಕೂ ಸಿಇಟಿ ಅಂಕಕ್ಕೂ ಸರಿಸಮ ತೂಕ. ಎಂ.ಬಿ.ಬಿ.ಎಸ್.ಗೆ ಬೇಕಾದ ನೀಟ್ ಪರೀಕ್ಷೆಯೇ ಬೇರೆ. ಒಂದಕ್ಕೆ ಅರ್ಜಿ ಹಾಕಿ ಎರಡಕ್ಕೂ ಆಯಿತೆಂದು ಕೂಡಬಾರದು.

ಇನ್ನು ಮುಂದಿನ ಮಾತು ನಮ್ಮಂಥ ಗಡಿಭಾಗದವರಿಗೆ ಅತ್ಯಂತ ಮುಖ್ಯವಾದುದು. ರಾಜ್ಯದ ಸೀಟಿಗೆ ಅರ್ಹನಾಗಬೇಕಾದರೆ ವಿದ್ಯಾರ್ಥಿ ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿಯವರೆಗಿನ ಹನ್ನೆರಡು ವರ್ಷಗಳಲ್ಲಿ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಮತ್ತು ಎಸ್.ಎಸ್.ಎಲ್.ಸಿ. ಅಥವಾ ದ್ವಿತೀಯ ಪಿಯುಸಿಯನ್ನು ಇಲ್ಲಿಯೇ ಉತ್ತೀರ್ಣನಾಗಿರಬೇಕು. ಬೆಂಗಳೂರು, ಮೈಸೂರಿನವರಿಗೆ ಇದೊಂದು ನಿಯಮವೆಂಬುದೇ ತಿಳಿಯದು. ಅವರ ಮಕ್ಕಳು ಅಲ್ಲದೆ ಇನ್ನೆಲ್ಲಿ ಓದಿಯಾರು? ನಮ್ಮ ಸ್ಥಿತಿ ಹಾಗಲ್ಲ. ನಮ್ಮೂರಿನ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೊರಟ ಬಸ್ಸು ಗಡಿ ದಾಟಿ ಜಹೀರಾಬಾದ ಮುಟ್ಟುತ್ತದೆ. ಅದು ಇಂದು ತೆಲಂಗಾಣ. ಸೋದರಮಾವನ ಮನೆ ಅಲ್ಲಿದೆ, ಇಂಗ್ಲಿಷ್ ಮಾಧ್ಯಮದ ಶಾಲೆ ಅಲ್ಲಿದೆ ಎಂದು ಮಕ್ಕಳನ್ನು ಅಲ್ಲಿಗೆ ಕಳಿಸುವವರು ನಮ್ಮಲ್ಲಿ ಎಷ್ಟು ಜನ! ಮಗು ನಾಲ್ಕು ವರ್ಷದ್ದಿರುವಾಗ ಮಾಡಿದ ಈ ತೀರ್ಮಾನ ಹದಿನೆಂಟನೆಯ ವರ್ಷದಲ್ಲಿ ಎದುರು ಬಂದು ನಿಲ್ಲುತ್ತದೆ.

ಕೆಲವು ವರ್ಷಗಳ ಹಿಂದೆ ಇಂಥದೇ ಒಂದು ಪ್ರಸಂಗ ನಮ್ಮ ಮುಂದೆ ಬಂದಿತು. ಹುಡುಗ ಬುದ್ಧಿವಂತ. ಒಂದರಿಂದ ಎಂಟರವರೆಗೆ ಗಡಿಯಾಚೆ ಓದಿದವನು. ಒಂಬತ್ತು, ಹತ್ತು ನಮ್ಮಲ್ಲಿ, ಪಿಯುಸಿ ಬೀದರದಲ್ಲಿ. ಎಣಿಸಿದರೆ ಕರ್ನಾಟಕದ ಓದು ನಾಲ್ಕೇ ವರ್ಷ. ತಂದೆ ಊರಲ್ಲಿ ಒಕ್ಕಲುತನ ಮಾಡಿಕೊಂಡಿರುವವರು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು. "ಮಾಸ್ತರರೇ, ನಾವು ಇಲ್ಲೇ ಹುಟ್ಟಿ ಇಲ್ಲೇ ಬೆಳದವ್ರು. ಹೊಲ ಇಲ್ಲೇ ಅದ, ಮನಿ ಇಲ್ಲೇ ಅದ. ನಮ್ಮ ಮಗ ಪರದೇಶಿ ಹೆಂಗಾದ್ನ್ರಿ?" ಎಂದು ಅವರು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಆದರೆ ನಿಯಮ ಹೊಲವನ್ನು ನೋಡುವುದಿಲ್ಲ, ಹಾಜರಿ ಪುಸ್ತಕವನ್ನು ನೋಡುತ್ತದೆ.

ಕೈಪಿಡಿಯಲ್ಲಿ ಅದರ ಮರುವಾಕ್ಯವೂ ಉಂಟು. ವಿದ್ಯಾರ್ಥಿ ಎರಡು ವರ್ಷದ ಪಿಯುಸಿಯನ್ನು ಕರ್ನಾಟಕದಲ್ಲಿ ಓದಿ ಉತ್ತೀರ್ಣನಾಗಿದ್ದು, ತಂದೆ ತಾಯಿಗಳಲ್ಲಿ ಒಬ್ಬರು ಏಳು ವರ್ಷ ಕರ್ನಾಟಕದಲ್ಲಿ ಓದಿದ್ದರೆ ಅವನು ಅರ್ಹನೇ. ಇದನ್ನು ನಾವು ಓದಿ ಹೇಳುತ್ತಿದ್ದಾಗ ಬಾಗಿಲ ಬಳಿ ಕುಳಿತಿದ್ದ ತಾಯಿ ಮೆಲ್ಲಗೆ ಬಾಯಿ ತೆರೆದರು: "ನಾ ಏಳನೇತ್ತೆ ತನಕ ಓದೀನ್ರಿ. ಅದೇನಾರ ಉಪಯೋಗ ಆಗ್ತದೇನ್ರಿ?" ಗಂಡ ಬೆರಗಾಗಿ ಹೆಂಡತಿಯ ಕಡೆ ನೋಡಿದರು. ಇಪ್ಪತ್ತು ವರ್ಷ ಸಂಸಾರ ಮಾಡಿದ ಮನೆಯಲ್ಲಿ ಆ ಮಾತಿಗೆ ಅವಕಾಶವೇ ಬಂದಿರಲಿಲ್ಲ.

ಆಕೆ ಓದಿದುದು ಹುಮನಾಬಾದ ತಾಲೂಕಿನ ತವರೂರಿನ ಶಾಲೆಯಲ್ಲಿ. ಹೋಗಿ ನೋಡಿದರೆ ದಾಖಲಾತಿ ಪುಸ್ತಕ ಇತ್ತು. ಆದರೆ ಅದರಲ್ಲಿದ್ದುದು ತವರಿನ ಹೆಸರು. ಮದುವೆಯಲ್ಲಿ ಗಂಡನ ಮನೆಯವರು ಇಟ್ಟ ಹೆಸರು ಬೇರೆ. ಆಧಾರ್, ಪಡಿತರ ಚೀಟಿ ಎಲ್ಲ ಹೊಸ ಹೆಸರಿನಲ್ಲಿ. ನಮ್ಮ ಕಡೆ ಸೊಸೆಗೆ ಹೊಸ ಹೆಸರಿಡುವ ಪದ್ಧತಿ ಪ್ರೀತಿಯಿಂದಲೇ ಬಂದಿರಬಹುದು. ಆದರೆ ಕಚೇರಿಯ ಕಣ್ಣಿಗೆ ಅವರು ಇಬ್ಬರು ಹೆಂಗಸರು. ಇಬ್ಬರೂ ಒಬ್ಬಳೇ ಎಂದು ಅಫಿಡವಿಟ್ ಮಾಡಿಸಿ, ಶಾಲೆಯ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಹಾಕಿಸುವಷ್ಟರಲ್ಲಿ ಹನ್ನೊಂದು ದಿನ ಹೋದವು. ಪರಿಶೀಲನೆಯ ದಿನಕ್ಕೆ ಎರಡು ದಿನ ಮಾತ್ರ ಉಳಿದಿತ್ತು. ತಾಯಿಯ ಏಳು ವರ್ಷದ ಓದಿನ ಮೇಲೆ ಮಗ ಅರ್ಹನಾದ. ಇಂದು ಅವನು ರಾಯಚೂರಿನಲ್ಲಿ ಕೃಷಿ ಪದವಿ ಓದುತ್ತಿದ್ದಾನೆ. ಹೆಣ್ಣುಮಕ್ಕಳಿಗೆ ಏಳನೆಯ ತರಗತಿ ಏಕೆ ಬೇಕೆಂದು ಆಕೆಯ ತವರಿನಲ್ಲಿ ಅಂದು ಯಾರಾದರೂ ಕೇಳಿದ್ದರೆ ಆ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ಆಗ ಯಾರ ಬಳಿಯೂ ಇರಲಿಲ್ಲ.

ಉಳಿದ ಪ್ರಮಾಣಪತ್ರಗಳ ಮಾತನ್ನು ಬೇಗ ಮುಗಿಸುತ್ತೇವೆ. ಸಂವಿಧಾನಕ್ಕೆ 2012ರ 98ನೆಯ ತಿದ್ದುಪಡಿಯಿಂದ ಸೇರಿದ 371(ಜೆ) ವಿಧಿಯ ಪ್ರಕಾರ ನಮ್ಮ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇಕಡಾ 70, ರಾಜ್ಯದ ಉಳಿದೆಡೆ ಶೇಕಡಾ 8 ಸೀಟುಗಳು ಮೀಸಲು. ಇಲ್ಲಿ ಹುಟ್ಟಿದವರು, ನಿಗದಿತ ಅವಧಿ ಇಲ್ಲಿ ನೆಲೆಸಿದವರು, ಅಂಥವರ ಮಕ್ಕಳು ಇದಕ್ಕೆ ಅರ್ಹರು. ಅರ್ಹತಾ ಪತ್ರ ನೀಡುವವರು ಉಪವಿಭಾಗದ ಸಹಾಯಕ ಆಯುಕ್ತರು. ನಮ್ಮ ಊರಿನವರು ಅದಕ್ಕಾಗಿ ಬಸವಕಲ್ಯಾಣಕ್ಕೆ ಹೋಗಬೇಕು. ಆದರೆ ಈ ಪತ್ರವೊಂದಿದ್ದರೆ ಎಲ್ಲವೂ ಆಯಿತೆಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಅದು ಸರಿಯಲ್ಲ. 371(ಜೆ) ಹುಟ್ಟನ್ನು, ನೆಲೆಯನ್ನು ನೋಡುತ್ತದೆ. ಏಳು ವರ್ಷದ ನಿಯಮ ಓದನ್ನು ನೋಡುತ್ತದೆ. ಒಂದರ ಕೆಲಸವನ್ನು ಇನ್ನೊಂದು ಮಾಡದು. ಮೇಲೆ ಹೇಳಿದ ಹುಡುಗನ ಬಳಿ ಆ ಪತ್ರ ಮೊದಲೇ ಇತ್ತು.

ಒಂದರಿಂದ ಹತ್ತರವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲು ಉಂಟು. ಊರಿನ ಸರ್ಕಾರಿ ಕನ್ನಡ ಶಾಲೆಯನ್ನು ಬಿಡಿಸುವ ಮುನ್ನ ಪಾಲಕರು ಈ ಎರಡು ಅಂಕಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಹತ್ತರಲ್ಲಿ ಒಂದು ವರ್ಷ ತಪ್ಪಿದರೂ ಈ ಸೌಲಭ್ಯ ಕೈಬಿಡುತ್ತದೆ. ನಮ್ಮ ಸಮಾಜದ ಬಹುಪಾಲು ಜನ ಪ್ರವರ್ಗ 3ಬಿಗೆ ಸೇರಿದವರು, ಅದಕ್ಕೆ ಶೇಕಡಾ 5 ಮೀಸಲಾತಿ. ಕೆಲವು ಕಾಯಕ ಪಂಗಡಗಳು 2ಎ ಪ್ರವರ್ಗದಲ್ಲಿವೆ. ಜಾತಿ ಮತ್ತು ಆದಾಯದ ಪ್ರಮಾಣಪತ್ರ ತಹಸೀಲ್ದಾರರಿಂದ ಬರಬೇಕು. ಶಾಲೆಯ ದಾಖಲೆಯಲ್ಲಿ ಒಂದು ಶಬ್ದ, ತಂದೆಯ ದಾಖಲೆಯಲ್ಲಿ ಇನ್ನೊಂದು ಶಬ್ದ ಇದ್ದರೆ ಅಲ್ಲಿಯೇ ತೊಡಕು ಆರಂಭ. ಲಿಂಗಾಯತ, ವೀರಶೈವ ಎಂಬ ಚರ್ಚೆಯನ್ನು ಸಭೆಗಳಲ್ಲಿ ಎಷ್ಟು ಬೇಕಾದರೂ ನಡೆಸೋಣ. ಒಂದು ಮನೆಯ ಎರಡು ಮಕ್ಕಳಿಗೆ ಎರಡು ಬಗೆಯಾಗಿ ಬರೆಸುವುದು ಮಾತ್ರ ಬೇಡ.

ಪಶುವೈದ್ಯ, ಕೃಷಿ ಮುಂತಾದ ಪದವಿಗಳಲ್ಲಿ ವ್ಯವಸಾಯಗಾರರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಕಾಗದದಿಂದಷ್ಟೇ ಅದು ದೊರೆಯುವುದಿಲ್ಲ. ಪ್ರಾಯೋಗಿಕ ಪರೀಕ್ಷೆಗೂ ಕೂಡಬೇಕು. ಬೀಜ, ಬೆಳೆ, ಗೊಬ್ಬರ, ಒಕ್ಕಲುತನದ ಸಲಕರಣೆಗಳನ್ನು ಮುಂದಿಟ್ಟು ಗುರುತಿಸಿರೆಂದು ಕೇಳುತ್ತಾರೆ. ಈ ಪರೀಕ್ಷೆಗೆ ಹೊರಟ ಹುಡುಗರಿಗೆ ನಾವು ಮನೆಯಲ್ಲಿ ಕಾಳುಗಳನ್ನು ಹರಡಿ ಕೇಳುವುದುಂಟು. ಎಕರೆಗಟ್ಟಲೆ ಹೊಲವಿರುವ ಮನೆಯ ಹುಡುಗ ಕುಸುಬೆಯನ್ನೂ ಅಗಸೆಯನ್ನೂ ಅದಲುಬದಲು ಹೇಳಿದ್ದಾನೆ. ಕೂರಿಗೆಯನ್ನು ಕುಂಟೆ ಎಂದಿದ್ದಾನೆ. ನಮ್ಮ ಮನೆಯವರು ನಕ್ಕು, "ಎಳ್ಳಮಾಸಿಗೆ ಹೊಲಕ್ಕ ಹೋಗಿ ಬರೇ ಭಜ್ಜಿ ತಿಂದು ಬಂದೀಯೇನೋ" ಎಂದು ಕೇಳಿದರು. ಓದುವ ಮಗುವಿಗೆ ಹೊಲದ ಕೆಲಸ ಬೇಡವೆಂದು ದೂರವಿಡುವ ತಂದೆತಾಯಿಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆ ಹುಡುಗ ಮುಂದಿನ ಹದಿನೈದು ದಿನ ಅಜ್ಜನ ಬೆನ್ನು ಹತ್ತಿ ಹೊಲ ತಿರುಗಿದ. ಅಜ್ಜನಿಗೆ ಅಷ್ಟು ಸಂತೋಷ ಬಹುಕಾಲದಿಂದ ಆಗಿರಲಿಲ್ಲ.

ಪ್ರವೇಶದ ಪ್ರಕರಣ ಇಲ್ಲಿಗೆ ಮುಗಿಯಿತು. ಪೂರೈಕೆಯ ನಿಯಮಗಳು ಕಡಿಮೆ, ಆದರೆ ಅವು ಬಿಗಿ. ಭಾರತೀಯ ಪಶುವೈದ್ಯ ಪರಿಷತ್ತಿನ ನಿಯಮದಂತೆ ಹಾಜರಾತಿ ಶೇಕಡಾ 75 ಇರಲೇಬೇಕು. ಇಲ್ಲದಿದ್ದರೆ ಪರೀಕ್ಷೆಗೆ ಕೂಡುವಂತಿಲ್ಲ. ಉತ್ತೀರ್ಣಕ್ಕೆ ಶೇಕಡಾ 50 ಅಂಕ ಬೇಕು. ಶಾಲೆಯ ರೂಢಿ ಇಲ್ಲಿ ನಡೆಯದು. ಹಾಜರಾತಿಯನ್ನು ಕೆಡಿಸುವವರಲ್ಲಿ ಮಕ್ಕಳಿಗಿಂತ ಮನೆಯವರೇ ಮುಂದು. ಎಳ್ಳಮಾಸಿಗೆ ಬಾ, ಹುಮನಾಬಾದದ ವೀರಭದ್ರೇಶ್ವರ ಜಾತ್ರೆಗೆ ಬಾ, ತೊಗರಿ ರಾಶಿಗೆ ಆಳು ಸಿಗುತ್ತಿಲ್ಲ ಬಾ, ಚಿಕ್ಕಪ್ಪನ ಮಗಳ ಸೀಮಂತಕ್ಕೆ ಬಾ. ಬೀದರ ಹತ್ತಿರವೇ ಇದೆಯಲ್ಲ ಎಂಬುದು ಇವರ ಸಮರ್ಥನೆ. ಹತ್ತಿರವಿರುವುದೇ ಇಲ್ಲಿ ಅನಾನುಕೂಲ. ಬೆಂಗಳೂರಿನ ಹೆಬ್ಬಾಳದ ಕಾಲೇಜಿಗೆ ಹೋದ ಹುಡುಗನನ್ನು ಯಾರೂ ತೊಗರಿ ರಾಶಿಗೆ ಕರೆಯುವುದಿಲ್ಲ.

ನಿಯಮಗಳು ಬದಲಾಗುವುದೂ ಉಂಟು. ಸಾಮಾನ್ಯ ಪದವಿಗಳಿಗೆ 2021-22ರಲ್ಲಿ ನಮ್ಮ ರಾಜ್ಯ ನಾಲ್ಕು ವರ್ಷದ ಕ್ರಮವನ್ನು ತಂದಿತು. 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ಒಂದೇ ಮನೆಯಲ್ಲಿ ಅಕ್ಕನಿಗೊಂದು ಕ್ರಮ, ತಮ್ಮನಿಗೊಂದು ಕ್ರಮ. ಆದುದರಿಂದ ಪಕ್ಕದ ಮನೆಯ ಹುಡುಗ ಮೂರು ವರ್ಷದ ಹಿಂದೆ ಹೇಳಿದ ಮಾತನ್ನು ನೆಚ್ಚದೆ, ತಾವು ಸೇರುವ ವರ್ಷದ ಕೈಪಿಡಿಯನ್ನೇ ಓದಬೇಕೆಂದು ಒತ್ತಿ ಹೇಳುತ್ತೇವೆ.

ಈಗ ಆ ಕೊನೆಯ ವರ್ಷದ ಮಾತು. ನಮ್ಮ ತಮ್ಮನ ಮಗಳು ಬೀದರದಲ್ಲಿ ಈ ಪದವಿಗೆ ಸೇರಿದಳು. ಸೇರುವಾಗಲೇ ಅವಳ ತಾಯಿಯ ಆಕ್ಷೇಪವಿತ್ತು. ಹೆಣ್ಣುಮಗಳು ದನದ ಕೊಟ್ಟಿಗೆಯಲ್ಲಿ ಕೈಹಾಕಿ ಕರು ಎಳೆಯುವುದೇನು ಎಂದು. ಆ ತಾಯಿಯೇ ದಿನಾ ಬೆಳಿಗ್ಗೆ ಎರಡು ದೇವಣಿ ಆಕಳುಗಳ ಸೆಗಣಿ ಬಾಚಿ ಹಾಲು ಕರೆಯುವವರು. ಕರು ಎಳೆದುದೂ ಉಂಟು. ಇರಲಿ. ನಾಲ್ಕೂವರೆ ವರ್ಷ ಮಗಳು ಚೆನ್ನಾಗಿ ಓದಿದಳು. ಕೊನೆಯ ಪರೀಕ್ಷೆ ಮುಗಿಯುವ ಹೊತ್ತಿಗೆ ಬಸವಕಲ್ಯಾಣದ ಕಡೆಯಿಂದ ಒಳ್ಳೆಯ ಸಂಬಂಧ ಬಂದಿತು. ಹುಡುಗ ಪುಣೆಯಲ್ಲಿ ನೌಕರಿಯಲ್ಲಿದ್ದ. ಪರೀಕ್ಷೆ ಮುಗಿದಿದೆ, ಓದು ಮುಗಿದಿದೆ, ವೈಶಾಖದಲ್ಲಿ ಮದುವೆ ಮಾಡಿ ಕಳಿಸಿಬಿಡೋಣ ಎಂದು ಎರಡೂ ಮನೆಯವರು ಮಾತಾಡಿಕೊಂಡರು. ಮಗಳು ಮಾತ್ರ ಸುಮ್ಮನಿದ್ದಳು.

ವಿಷಯ ತಿಳಿದು ನಾವು ತಮ್ಮನ ಮನೆಗೆ ಹೋದೆವು. ತರಬೇತಿ ಎಂದರೆ ಬೇಕಾದರೆ ಮಾಡಬಹುದಾದ ಹೆಚ್ಚಿನ ಕೆಲಸವೆಂದು ಅವರು ತಿಳಿದಿದ್ದರು. ಹಾಗಲ್ಲವೆಂದು ಕೈಪಿಡಿ ತೆಗೆದು ತೋರಿಸಿದೆವು. ಹನ್ನೆರಡು ತಿಂಗಳ ತರಬೇತಿ ಮುಗಿಯದೆ ಪದವಿ ಕೈಗೆ ಬರುವುದಿಲ್ಲ. ಪದವಿಯಿಲ್ಲದೆ ಪಶುವೈದ್ಯ ಪರಿಷತ್ತಿನಲ್ಲಿ ಪೂರ್ಣ ನೋಂದಣಿಯಾಗುವುದಿಲ್ಲ. 1984ರ ಭಾರತೀಯ ಪಶುವೈದ್ಯ ಪರಿಷತ್ ಅಧಿನಿಯಮದಂತೆ ನೋಂದಣಿಯಿಲ್ಲದವರು ಪಶುವೈದ್ಯರಾಗಿ ವೃತ್ತಿ ನಡೆಸುವಂತಿಲ್ಲ. ಸರ್ಕಾರಿ ಹುದ್ದೆಗೂ ಅರ್ಜಿ ಹಾಕುವಂತಿಲ್ಲ. ನಾಲ್ಕೂವರೆ ವರ್ಷದ ಓದು ಆಗ ಪಿಯುಸಿಯ ಮೇಲೆ ಬರೆದಿಟ್ಟ ಒಂದು ಅಂಕಪಟ್ಟಿ ಅಷ್ಟೆ. ಮದುವೆಯಾದ ಮೇಲೆ ಬಂದು ಮುಗಿಸಲಿ ಎಂದು ತಮ್ಮ ಅಂದ. ಹೊಸ ಸಂಸಾರದ ಸೊಸೆ ಪುಣೆಯನ್ನು ಬಿಟ್ಟು ವರ್ಷಕಾಲ ಬೀದರದ ಆಸ್ಪತ್ರೆ, ಕೊಟ್ಟಿಗೆಗಳಲ್ಲಿ ಹಗಲು ರಾತ್ರಿಯ ಪಾಳಿ ಮಾಡುವುದನ್ನು ಯಾವ ಮನೆಯವರು ಮೊದಲ ವರ್ಷದಲ್ಲಿ ಒಪ್ಪಿಯಾರು? ನಮ್ಮ ವಿದ್ಯಾರ್ಥಿನಿಯರಲ್ಲಿ ಕೆಲವರು ಬಿ.ಇಡಿ.ಯ ಕಡೆಯ ತಿಂಗಳಲ್ಲಿ, ಎಂ.ಎ.ಯ ಕಡೆಯ ಪರೀಕ್ಷೆಯಲ್ಲಿ ಹೀಗೆಯೇ ನಿಂತುಹೋದುದನ್ನು ನಾವು ಕಂಡಿದ್ದೆವು. ಮುಂದೆ ಮುಗಿಸುತ್ತೇನೆಂದು ಹೋದವರು ಬಾಣಂತನ ಮುಗಿಸಿದರು, ಮಕ್ಕಳ ಶಾಲೆ ಮುಗಿಸಿದರು.

ಬೀಗರಾಗುವವರ ಮುಂದೆ ಈ ಮಾತು ಎತ್ತಲು ತಮ್ಮ ಅಂಜಿದ. ಸಂಬಂಧ ಮುರಿದರೆ ಹೇಗೆ ಎಂಬ ಭಯ. ನಾವೇ ಬಸವಕಲ್ಯಾಣಕ್ಕೆ ಹೋಗಿ ಹುಡುಗನ ಅಜ್ಜನವರನ್ನು ಕಂಡು ಇದ್ದುದನ್ನು ಇದ್ದಂತೆ ಹೇಳಿದೆವು. ಅವರು ತುಸು ಹೊತ್ತು ಸುಮ್ಮನಿದ್ದು, "ಇನ್ನೂ ಒಂದು ವರ್ಷ ಉಳದದ ಅಂತ ಹುಡುಗಿ ಯಾಕ ಹೇಳಲಿಲ್ಲ?" ಎಂದು ಕೇಳಿದರು. ಅವಳನ್ನು ಯಾರೂ ಕೇಳಲಿಲ್ಲವೆಂದು ನಾವು ಉತ್ತರವಿತ್ತೆವು. ಒಳಗಿದ್ದ ಹುಡುಗನ ತಾಯಿ ಚಹಾ ತಂದಿಟ್ಟು, "ವರ್ಷಾ ಹೋಗ್ಲಿ ಬಿಡ್ರಿ, ಅರ್ಧಾ ಕಲ್ತು ಬಂದು ನಮ್ಮ ಮನ್ಯಾಗ ಏನ್ ಮಾಡ್ಯಾಳು" ಎಂದರು. ನಿಶ್ಚಿತಾರ್ಥ ಆ ವೈಶಾಖದಲ್ಲಿ ಆಯಿತು, ಮದುವೆ ಮುಂದಿನ ವೈಶಾಖಕ್ಕೆ ನಿಂತಿತು. ತರಬೇತಿಯ ಕಡೆಯ ದಿನ ಮತ್ತು ಅಕ್ಕಿಕಾಳಿನ ದಿನ, ಇವೆರಡರ ನಡುವೆ ಮೂರು ವಾರದ ಅಂತರ ಉಳಿಯಿತು. ಆ ಮೂರು ವಾರದಲ್ಲಿ ಅವಳು ಬೆಂಗಳೂರಿಗೆ ಹೋಗಿ ನೋಂದಣಿಯ ಅರ್ಜಿ ಕೊಟ್ಟು ಬಂದಳು. ಮದುವೆಯ ಹೆಸರನ್ನು ಏನಿಡುವುದೆಂದು ಬೀಗರು ಕೇಳಿದಾಗ ಹೆಸರು ಬದಲಿಸುವುದು ಬೇಡವೆಂದು ಅವಳ ತಾಯಿಯೇ ಹೇಳಿದರು.